ಧೂಮಕೇತುವನ್ನು ನೋಡದೆ ಇದ್ದ ಹತ್ತು ದಿನ

ಈಗ ಹೇಳಹೊರಟಿರುವುದರಲ್ಲಿ ಒಂದೆರಡು ಸಂಗತಿ ತಪ್ಪಿರಬಹುದು. ಮದ್ದೂರಿನ ತಾತನ ಮನೆಯ ಮಾಳಿಗೆಗೆ ಹತ್ತುವ ಮೆಟ್ಟಿಲು ಕಲ್ಲಿನದೋ ಮರದ್ದೋ ಎಂದು ನನಗೂ ನನ್ನ ತಮ್ಮನಿಗೂ ಇನ್ನೂ ಜಗಳವಿದೆ. ಅವನು ಮರದ ಏಣಿ ಎನ್ನುತ್ತಾನೆ. ನನ್ನ ಪಾದಕ್ಕೆ ಮಾತ್ರ ಬಿಸಿಲಿಗೆ ಕಾದ ಕಲ್ಲಿನ ನೆನಪು. ಆಗ ಅವನಿಗೆ ನಾಲ್ಕು ವರ್ಷ, ನನಗೆ ಹತ್ತು. ಆದ್ದರಿಂದ ನನ್ನ ಸಾಕ್ಷಿಯೇ ಗಟ್ಟಿ ಎಂದು ವಾದಿಸಬಹುದು. ಆದರೆ ಮುಂದೆ ನೀವೇ ನೋಡುವ ಹಾಗೆ, ಸಾಕ್ಷಿ ಹೇಳುವ ವಿಷಯದಲ್ಲಿ ನನ್ನ ಚರಿತ್ರೆ ಅಷ್ಟು ಚೆನ್ನಾಗಿಲ್ಲ.

ಇದೆಲ್ಲ ನೆನಪಾದದ್ದು ಒಂದು ಅಭ್ಯಾಸದಿಂದ. ಗುತ್ತಲಿನ ನಮ್ಮ ಮನೆಯ ತಾರಸಿಯಿಂದ ಸಂಜೆ ಒಣಗಿದ ಬಟ್ಟೆ ತರುವಾಗ ನಾನು ತಲೆ ಬಗ್ಗಿಸಿಕೊಂಡೇ ನಡೆಯುತ್ತೇನಂತೆ. ನನಗದು ಗೊತ್ತೇ ಇರಲಿಲ್ಲ. ಮೊನ್ನೆ ಪಕ್ಕದ ತಾರಸಿಯಿಂದ ನೆರೆಯಾಕೆ ಕೇಳಿದರು: "ಏನು ಬಿದ್ದು ಹೋಯ್ತು ಮೇಡಂ? ದಿನಾ ಹುಡುಕ್ತಾನೇ ಇರ್ತೀರಿ." ಅದೇ ಬೆಳಿಗ್ಗೆ ಪತ್ರಿಕೆಯಲ್ಲಿ, ಇನ್ನೊಂದು ವಾರಕ್ಕೆ ಬರಿಗಣ್ಣಿಗೆ ಕಾಣುವಂಥ ಧೂಮಕೇತು ಬರಲಿದೆ, ಸಂಜೆ ಪಶ್ಚಿಮಕ್ಕೆ ನೋಡಿ ಎಂದು ಓದಿದ್ದೆ. ಓದಿ ಮಗುವಿನ ಹಾಗೆ ದಿನ ಎಣಿಸತೊಡಗಿದ್ದೆ. ಕಾಯುವವಳೂ ನಾನೇ, ತಲೆ ಬಗ್ಗಿಸುವವಳೂ ನಾನೇ. ಎರಡೂ ಒಂದೇ ಬೇಸಿಗೆಯಲ್ಲಿ ಕಲಿತ ವಿದ್ಯೆ.

ಅದು ಮೂವತ್ತರ ದಶಕದ ಕೊನೆಯ ಮಾತು. ನಮ್ಮಪ್ಪ ಜಲಪಾತದ ಬಳಿಯ ಬ್ಲಫ್ ಎಂಬಲ್ಲಿ ಕರೆಂಟು ತಯಾರಿಸುವ ಕೇಂದ್ರದಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದರು. ಸುತ್ತಮುತ್ತಲ ಹಳ್ಳಿಗಳೆಲ್ಲ ಹರಳೆಣ್ಣೆ, ಸೀಮೆಎಣ್ಣೆ ದೀಪದಲ್ಲಿ ಬದುಕುತ್ತಿದ್ದಾಗ ನಮ್ಮ ಕ್ವಾರ್ಟರ್ಸಿನಲ್ಲಿ ದನದ ಕೊಟ್ಟಿಗೆಗೂ ಬಲ್ಬು ಇತ್ತು. ಯಂತ್ರದ ಗುಂಯ್ ಎನ್ನುವ ಶಬ್ದ ಕೇಳದಿದ್ದರೆ ನಮಗೆ ನಿದ್ದೆ ಹತ್ತುತ್ತಿರಲಿಲ್ಲ. ಇಷ್ಟೆಲ್ಲ ಇದ್ದೂ ಒಂದು ಪದಾರ್ಥ ಮಾತ್ರ ಅಲ್ಲಿ ಸಿಗುತ್ತಿರಲಿಲ್ಲ: ಕತ್ತಲು. ಕೇಂದ್ರದ ದೀಪಗಳ ಬೆಳಕಿಗೆ ಆಕಾಶ ನೀರು ಬೆರೆಸಿದ ಮಜ್ಜಿಗೆಯ ಹಾಗೆ ಇರುತ್ತಿತ್ತು. ಪತ್ರಿಕೆಯಲ್ಲಿ ಧೂಮಕೇತುವಿನ ಸುದ್ದಿ ಬಂದ ದಿನ ಅಪ್ಪ ಅಂಗಳಕ್ಕೆ ಬಂದು ಮೇಲೆ ನೋಡಿ, "ಊರಿಗೆಲ್ಲ ಬೆಳಕು ಕೊಡೋರಿಗೆ ನಕ್ಷತ್ರ ಕಾಣೋದಿಲ್ಲ ನೋಡು. ನೀನು ಹೇಗೂ ಚಿಕ್ಕಮ್ಮನ ಮದುವೆಗೆ ಅಂತ ಮದ್ದೂರಿಗೆ ಹೋಗ್ತೀಯಲ್ಲ, ಅಲ್ಲಿ ಕತ್ತಲು ಚೆನ್ನಾಗಿದೆ. ನೋಡಿ ನನಗೆ ಬರಿ" ಎಂದರು.

ಬರಿ ಎಂದು ಬಾಯಲ್ಲಿ ಹೇಳಿ ಬಿಡಲಿಲ್ಲ. ಕಚೇರಿಯ ಹಳೆಯ ಡೈರಿಯೊಂದನ್ನು, ಅರ್ಧ ಹಾಳೆ ಖಾಲಿ ಇದ್ದದ್ದು, ನನಗೆ ಕೊಟ್ಟರು. ನನ್ನ ಮೊದಲ ಡೈರಿ ಅದು. ಜೊತೆಗೆ ಒಂದು ಪಾಠವನ್ನೂ ಕೊಟ್ಟರು. ನನ್ನ ಜಡೆಯ ರಿಬ್ಬನ್ ಬಿಚ್ಚಿ ಕೋಲಿನ ತುದಿಗೆ ಕಟ್ಟಿ ನನ್ನ ಕೈಗೆ ಕೊಟ್ಟು, ಟೇಬಲ್ ಫ್ಯಾನು ಹಾಕಿ, ಅದರ ಸುತ್ತ ನಡಿ ಎಂದರು. ನಾನು ಹೋದ ಕಡೆಗೆಲ್ಲ ಅವರು ಫ್ಯಾನಿನ ಮೂತಿ ತಿರುಗಿಸಿದರು. ಎಲ್ಲಿ ನಿಂತರೂ ರಿಬ್ಬನ್ ಫ್ಯಾನಿಗೆ ಬೆನ್ನು ಹಾಕಿ ಹಾರುತ್ತಿತ್ತು.

"ಫ್ಯಾನು ಅಂದ್ರೆ ಸೂರ್ಯ. ರಿಬ್ಬನ್ ಅಂದ್ರೆ ಬಾಲ. ಸೂರ್ಯನ ಕಡೆಗೆ ಬಾಲ ಎಂದೂ ತಿರುಗಲ್ಲ. ಸಂಜೆ ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ ಕಂಡರೆ ಬಾಲ ಮೇಲಕ್ಕೆ. ಬೆಳಗಿನ ಜಾವ ಪೂರ್ವದಲ್ಲಿ ಕಂಡರೂ ಮೇಲಕ್ಕೇ. ನೆಲದ ಕಡೆಗೆ ಇರೋದು ಸಾಧ್ಯವೇ ಇಲ್ಲ. ತಿಳೀತಾ?"

ತಿಳಿಯಿತು. ನಮ್ಮ ಮನೆಗೆ ಫ್ಯಾನು ಬಂದದ್ದು ಯುದ್ಧ ಮುಗಿದ ಮೇಲೆ ಎಂದು ತಮ್ಮ ಹೇಳುತ್ತಾನೆ. ಇರಬಹುದು. ಹಾಗಾದರೆ ಆ ಫ್ಯಾನು ಕೇಂದ್ರದ ಕಚೇರಿಯದೋ, ನನ್ನ ನೆನಪು ಆಮೇಲೆ ತಂದಿಟ್ಟುಕೊಂಡದ್ದೋ ಗೊತ್ತಿಲ್ಲ. ಆದರೆ ಬಾಲದ ವಿಷಯ ಮಾತ್ರ ಆ ಹತ್ತನೆಯ ವಯಸ್ಸಿನಲ್ಲೇ ನನಗೆ ಗೊತ್ತಿತ್ತು. ಅದರಲ್ಲಿ ಅನುಮಾನವಿಲ್ಲ.

ಮದ್ದೂರಿಗೆ ಅಮ್ಮನ ಜೊತೆ ಬಂದಿಳಿದಾಗ ಮದುವೆಗೆ ಇನ್ನು ಹತ್ತು ದಿನ. ತಾತ ಪುರೋಹಿತರು. ಪಂಚಾಂಗದಲ್ಲಿ ಅವರ ಮಾತೆಂದರೆ ಶಿಂಷಾ ನದಿಯ ಆಚೆ ದಡದವರೂ ಒಪ್ಪುತ್ತಿದ್ದರು. ಧೂಮಕೇತು ಅವರಿಗೆ ಹೊಸದಲ್ಲ. ಅವರ ಪ್ರಾಯದಲ್ಲಿ ಬಂದ ದೊಡ್ಡ ಧೂಮಕೇತುವನ್ನು ದಿನಾ ನಸುಕಿನಲ್ಲಿ ನದಿಗೆ ಸ್ನಾನಕ್ಕೆ ಹೋಗುವಾಗ ಸಾಲಾಗಿ ಎಂಟು ದಿನ ನೋಡಿದ್ದರಂತೆ. ಅದರ ಕಥೆ ಹೇಳು ಎಂದರೆ ಆಕಾಶದ ಕಥೆ ಬರುತ್ತಿರಲಿಲ್ಲ, ನೆಲದ ಕಥೆಯೇ ಬರುತ್ತಿತ್ತು. ಲೋಕ ಮುಳುಗುತ್ತದೆ ಎಂದು ಹೆದರಿ ಬೀದಿಯ ಕೊನೆ ಮನೆಯವನೊಬ್ಬ ಹಾಲು ಕರೆಯುವ ಹಸುವನ್ನು ಕರುವಿನ ಸಮೇತ ಹತ್ತು ಜನರ ಎದುರಿಗೆ ದಾನ ಕೊಟ್ಟನಂತೆ. ಲೋಕ ಮುಳುಗಲಿಲ್ಲ. ಒಂಬತ್ತನೆಯ ದಿನ ದಾನ ತೆಗೆದುಕೊಂಡವರ ಬಾಗಿಲಿಗೆ ಹೋಗಿ, "ಹಸು ಬೇಡ ಸ್ವಾಮಿ, ಕರುವಿಗೆ ನಮ್ಮನೆ ನೆನಪಾಗ್ತಿರಬೇಕು, ಕೇಳೋಣ ಅಂತ ಬಂದೆ" ಎಂದನಂತೆ. ತಾತ ಇದನ್ನು ಹೇಳಿ ತಾವೇ ಮೊದಲು ನಗುತ್ತಿದ್ದರು.

ಆದರೆ ಈ ಸಲ ಮನೆಯಲ್ಲೇ ಮದುವೆ. ತಾತ ನಗಲಿಲ್ಲ. ತೀರ್ಪು ಕೊಟ್ಟರು.

"ಪತ್ರಿಕೆಯವರು ಕಂಡದ್ದು ಪತ್ರಿಕೆಯವರಿಗೆ. ನಮ್ಮ ಮನೆಯವರ ಕಣ್ಣಿಗೆ ಬಿದ್ದರೆ ಮಾತ್ರ ನಮಗೆ ದೋಷ. ಬಿದ್ದ ದಿನದಿಂದ ಏಳು ದಿನ ಶುಭಕಾರ್ಯ ಕೂಡದು."

"ಅಷ್ಟೇ ತಾನೆ? ಹಾಗಾದರೆ ಯಾರೂ ನೋಡಬೇಡಿ, ಮುಗೀತು" ಎಂದರು ಅಜ್ಜಿ.

ಹೀಗೆ ನಮ್ಮ ಮನೆಯಲ್ಲಿ ಧೂಮಕೇತುವನ್ನು ನೋಡದಿರುವ ಮಹಾಪ್ರಯತ್ನ ಆರಂಭವಾಯಿತು. ನೋಡುವುದಕ್ಕೆ ಎಲ್ಲರೂ ಪಡುವ ಪಾಡು ನೀವು ಕೇಳಿರುತ್ತೀರಿ, ನೋಡದಿರುವುದಕ್ಕೆ ಪಟ್ಟ ಪಾಡು ಕೇಳಿ. ಪಶ್ಚಿಮದ ಕಿಟಕಿಗೆ ಗೋಣಿತಟ್ಟು ತುರುಕಿದರು. ಬಾವಿಯ ನೀರು ನಾಲ್ಕು ಗಂಟೆಗೆಲ್ಲ ಮನೆ ಸೇರಬೇಕು. ಅಜ್ಜಿ ಸಂಜೆ ಹಿತ್ತಲಿಗೆ ಹೋಗಬೇಕಾದರೆ ಸೆರಗನ್ನು ಹಣೆಯ ತನಕ ಎಳೆದುಕೊಂಡು ತಾವೇ ಮದುಮಗಳ ಹಾಗೆ ನಡೆಯುತ್ತಿದ್ದರು. ತಾತನ ಕಷ್ಟ ಇನ್ನೂ ದೊಡ್ಡದು. ಸಂಜೆಯ ಸಂಧ್ಯಾವಂದನೆ ಪಶ್ಚಿಮಕ್ಕೆ ತಿರುಗಿ ಮಾಡಬೇಕಾದ್ದು. ಅವರು ಜಗಲಿ ಬಿಟ್ಟು ದೇವರ ಮನೆಯ ಗೋಡೆಗೆ ಮುಖ ಮಾಡಿ ಕೂತು, ಅದೂ ಸಾಲದೆಂದು ಕಣ್ಣು ಮುಚ್ಚಿಕೊಂಡು ಅರ್ಘ್ಯ ಬಿಡುತ್ತಿದ್ದರು. ಅರ್ಧ ನೀರು ತಟ್ಟೆಯಿಂದ ಆಚೆ.

ಮನೆಗೆಲಸಕ್ಕೆ ಬರುತ್ತಿದ್ದವಳು ನಿಂಗಮ್ಮ. ಹೊಳಲಿನ ಹೆಣ್ಣು, ಮದ್ದೂರಿಗೆ ಮದುವೆಯಾಗಿ ಬಂದವಳು. ಎರಡು ದಿನ ಸುಮ್ಮನೆ ನೋಡಿ ಮೂರನೆಯ ದಿನ ಕೇಳಿಯೇಬಿಟ್ಟಳು.

"ಅದ್ಯಾಕವ್ವಾ ಇಡೀ ಮನೇನೇ ನೆಲ ನೋಡ್ಕಂಡು ಓಡಾಡ್ತದೆ? ಮೂಗುಬೊಟ್ಟು ಗೀಗುಬೊಟ್ಟು ಕಳ್ಕಂಡ್ರಾ?"

ಅಜ್ಜಿ ವಿಷಯ ಹೇಳಿದರು.

"ಅಯ್, ಬಾಲದ ಚುಕ್ಕಿಯಾ? ಅದ ನಾನು ನೋಡ್ದೆ ಬುಡಿ. ಮೊನ್ನೆ ಸಂದೇಲಿ ಎಮ್ಮೆ ಒಡ್ಕಂಡು ಬತ್ತಿದ್ದೆ. ಬಾಲ ಅಂದ್ರೆ ಎಂಗಿತ್ತು ಅಂತೀರಿ..."

ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡರು. "ಹೇಳಬೇಡ! ಬಾಯಿ ಮುಚ್ಚೇ!"

"ನೋಡುದ್ರೆ ತಾನೆ ದೋಸ? ಕೇಳುದ್ರೂ ದೋಸವಾ?"

"ಕೇಳಿದರೆ ನೋಡಬೇಕು ಅನ್ನಿಸುತ್ತೆ ಕಣೇ."

"ಬುಡಿ ಅತ್ತಗೆ. ನಮ್ಮಟ್ಟೀಲಿ ಚುಕ್ಕಿ ನೋಡ್ಕಂಡೇ ಮದ್ವೆ ಮಾಡ್ತೀವಿ ಕಣವ್ವ. ಐಕ್ಳೂ ಆಯ್ತವೆ, ಅವೂ ಮದ್ವೆ ಆಯ್ತವೆ."

ನನಗೆ ನಿಂಗಮ್ಮನ ಮೇಲೆ ಹೊಟ್ಟೆಕಿಚ್ಚು. ಎಮ್ಮೆಗಳೂ ನೋಡಿರಬೇಕು. ಮದ್ದೂರಿನ ಕತ್ತಲು ಅಷ್ಟು ಚೆನ್ನಾಗಿತ್ತು, ಅದನ್ನು ನೋಡಲೆಂದೇ ಬಂದ ನಾನೊಬ್ಬಳು ದಿನಾ ಸಂಜೆ ನನ್ನ ಕಾಲಿನ ಹೆಬ್ಬೆರಳು ನೋಡಿಕೊಂಡು ನಡೆಯುತ್ತಿದ್ದೆ. ಕದ್ದು ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ಕಣ್ಣೊಂದು ಮೇಲೆದ್ದರೆ ಚಿಕ್ಕಮ್ಮನ ಮದುವೆ ನಿಂತುಹೋಗುತ್ತದೆ ಎಂದು ಅಜ್ಜಿ ಹೇಳಿದ್ದರು. ಅಷ್ಟು ದೊಡ್ಡ ಜವಾಬ್ದಾರಿ ನನ್ನ ಕಣ್ಣಿಗೆ ಆಮೇಲೆ ಎಂದೂ ಬಂದಿಲ್ಲ.

ಶಾರದ ಚಿಕ್ಕಮ್ಮ ಅಮ್ಮನ ಕೊನೆಯ ತಂಗಿ. ಹದಿನೇಳು ವರ್ಷ. ಬೆಳಗಿನ ರೈಲಿಗೆ ಮಂಡ್ಯಕ್ಕೆ ಹೋಗಿ ಹೈಸ್ಕೂಲು ಓದಿ ಸಂಜೆಯ ರೈಲಿಗೆ ಬರುತ್ತಿದ್ದಳು. ಬೀದಿಯಲ್ಲಿ ಎಸ್ಸೆಸ್ಸೆಲ್ಸಿ ತನಕ ಬಂದ ಮೊದಲ ಹೆಣ್ಣು. ಮದುವೆ ಶುಕ್ರವಾರ, ಪರೀಕ್ಷೆ ಅದರ ಮುಂದಿನ ಸೋಮವಾರ ಶುರು. ಅಂದರೆ ಪರೀಕ್ಷೆ ಇಲ್ಲ ಎಂದೇ ಅರ್ಥ. ಸೋಮವಾರ ಅವಳು ಮಳವಳ್ಳಿಯಲ್ಲಿ ಗಂಡನ ಮನೆಯ ಹೊಸಿಲು ದಾಟಿ ಅಕ್ಕಿಯ ಸೇರು ಒದೆದು ಒಳಗೆ ಹೋಗಿರುತ್ತಾಳೆ. ಬೀಗರಾಗುವವರು ಲಗ್ನಪತ್ರಿಕೆಯ ದಿನ ಬಂದಾಗ ಯಾರೋ ಪರೀಕ್ಷೆಯ ಮಾತೆತ್ತಿದ್ದಕ್ಕೆ, "ನಮ್ಮನೆ ಒಲೆ ಯಾವತ್ತೂ ಸರ್ಟಿಫಿಕೇಟು ಕೇಳಿಲ್ಲ, ಊದಿದರೆ ಉರಿಯುತ್ತೆ" ಎಂದು ನಕ್ಕಿದ್ದರಂತೆ.

ಚಿಕ್ಕಮ್ಮ ಅಳಲಿಲ್ಲ. ರಂಪ ಮಾಡಲಿಲ್ಲ. ಮದುವೆಗೆಂದು ಹಪ್ಪಳ ಒತ್ತುವಾಗ ಮಣೆಯ ಪಕ್ಕದಲ್ಲಿ ಭೂಗೋಳದ ಪುಸ್ತಕ ತೆರೆದಿಟ್ಟುಕೊಂಡಿರುತ್ತಿದ್ದಳು. ಹಿಟ್ಟಿನ ಕೈಯಲ್ಲಿ ಹಾಳೆ ತಿರುಗಿಸಿ ತಿರುಗಿಸಿ ಆಫ್ರಿಕಾ ಖಂಡದ ಮೇಲೆಲ್ಲ ಉದ್ದಿನ ಹಿಟ್ಟು. ಒಂದು ಮಧ್ಯಾಹ್ನ ಅವಳು ತಾತನನ್ನು ಕೇಳಿದ್ದು ನನಗೆ ಕೇಳಿಸಿತು. ನಾನು ಉಗ್ರಾಣದಲ್ಲಿ ಬೆಲ್ಲ ಕದಿಯುತ್ತಿದ್ದೆ, ಆದ್ದರಿಂದ ಈ ಮಾತುಗಳು ಚೆನ್ನಾಗಿ ನೆನಪಿವೆ.

"ಅಪ್ಪಾ, ಎರಡು ವಾರ ಮುಂದಕ್ಕೆ ಹಾಕಿ ಅಂತ ಒಂದು ಮಾತು ಕೇಳಬಾರದೇ?"

"ಹೆಣ್ಣು ಕೊಡೋವರು ಪರೀಕ್ಷೆಗೋಸ್ಕರ ಮುಹೂರ್ತ ಬದಲಾಯಿಸಿ ಅಂದರೆ ನಗ್ತಾರೆ ಕಣಮ್ಮ. ಮಾತು ಕೊಟ್ಟಾಗಿದೆ."

"ಹಾಗಾದರೆ ಯಾವುದಕ್ಕೂ ಬದಲಾಯಿಸೋ ಹಾಗಿಲ್ಲ?"

ತಾತ ಕೈಯಲ್ಲಿದ್ದ ಪಂಚಾಂಗ ಮುಚ್ಚಿದರು. "ಮುಹೂರ್ತಕ್ಕೇ ದೋಷ ಬಂದರೆ ಬೇರೆ ಮಾತು" ಎಂದರು. ಎದ್ದು ಹೋದರು.

ಅವರು ಯಾವ ಅರ್ಥದಲ್ಲಿ ಹೇಳಿದರೋ. ಪುರೋಹಿತರು ಶಾಸ್ತ್ರ ಹೇಳಿದರು ಎಂದೇ ನಾನು ಆಗ ತಿಳಿದೆ. ಬಾಯಲ್ಲಿ ಬೆಲ್ಲ ಇದ್ದಾಗ ಎಲ್ಲವೂ ಸರಳವಾಗಿಯೇ ಕಾಣುತ್ತದೆ.

ಮರುದಿನವೋ ಅದರ ಮರುದಿನವೋ ಇರಬೇಕು, ಮದುವೆಗೆ ಐದು ದಿನ ಉಳಿದಿತ್ತು. ಮಾಳಿಗೆಯ ಮೇಲೆ ಸಂಡಿಗೆ ಹಾಕಿದ್ದರು. ಅಕ್ಕಿ ಹಿಟ್ಟಿನ ಸಂಡಿಗೆ, ತಾತನ ಹಳೇ ಪಂಚೆಗಳ ಮೇಲೆ ಸಾಲು ಸಾಲಾಗಿ. ದಿನಾ ಅದನ್ನು ಬಿಸಿಲು ಇಳಿಯುವ ಮೊದಲೇ ಕೆಳಗೆ ತರುತ್ತಿದ್ದರು. ಅಂದು ಯಾರೋ ನೆಂಟರು ಬಂದು ಕಾಫಿ ಮಾತು ಬೆಳೆದು ಮರೆತೇಹೋಯಿತು. ಸೂರ್ಯ ಮುಳುಗಿದ ಮೇಲೆ ಅಜ್ಜಿಗೆ ನೆನಪಾಗಿ, "ಇಬ್ಬನಿ ಬಿದ್ದರೆ ಎಲ್ಲಾ ಹಾಳು! ಶಾರದಾ, ಈ ಹುಡುಗೀನ ಕರಕೊಂಡು ಹೋಗಿ ತಗೊಂಡು ಬಾ. ತಲೆ ಎತ್ತಬೇಡಿ!" ಎಂದರು.

ಸಂಡಿಗೆಯ ಪಂಚೆ ಎತ್ತುವುದಕ್ಕೆ ಇಬ್ಬರು ಬೇಕು. ಒಬ್ಬೊಬ್ಬರು ಎರಡೆರಡು ತುದಿ ಹಿಡಿದು, ಜೋಲಿಯ ಹಾಗೆ ಮಾಡಿ, ಒಟ್ಟಿಗೆ ಹತ್ತಿರ ಬರಬೇಕು. ಒಬ್ಬರು ಕೈ ಜಾರಿಸಿದರೆ ಎಲ್ಲ ನೆಲದ ಪಾಲು. ನಾನು ಪೂರ್ವಕ್ಕೆ ಮುಖ ಮಾಡಿದ್ದೆ, ಚಿಕ್ಕಮ್ಮ ಪಶ್ಚಿಮಕ್ಕೆ. ಪಂಚೆ ನಮ್ಮಿಬ್ಬರ ನಡುವೆ ತೂಗುತ್ತಿತ್ತು. ಅವಳು ತಲೆ ಎತ್ತಿದಳು. ಆಕಾಶ ನೋಡುತ್ತಿದ್ದ ಅವಳ ಮುಖವನ್ನು ನಾನು ನೋಡುತ್ತಿದ್ದೆ.

"ಕಂಡಿತು" ಎಂದಳು. ಮೆಲ್ಲಗೆ, ಅಂಗಡಿಯಲ್ಲಿ ಬೇಕಾದ ಬಣ್ಣದ ದಾರ ಸಿಕ್ಕಿದ ಹಾಗೆ.

ನನ್ನ ಕತ್ತು ತಾನಾಗಿಯೇ ತಿರುಗಹೊರಟಿತು.

"ತಿರುಗಬೇಡ. ಸಂಡಿಗೆ ಚೆಲ್ಲುತ್ತೆ."

ನಾನು ತಿರುಗಲಿಲ್ಲ. ಎಷ್ಟು ದಿನದಿಂದ ಕಾದದ್ದು ನನ್ನ ಬೆನ್ನ ಹಿಂದೆ ಇತ್ತೋ, ಇರಲಿಲ್ಲವೋ. ನಾನು ಕೈಯಲ್ಲಿದ್ದ ಎರಡು ತುದಿ ಬಿಗಿಯಾಗಿ ಹಿಡಿದು ನಿಂತಿದ್ದೆ. ಗಂಟು ಕಟ್ಟುವ ಹೊತ್ತಿಗೆ ಕೆಳಗಿನಿಂದ ಅಜ್ಜಿ ಕೂಗಿದರು, ಚಿಕ್ಕಮ್ಮ ನನ್ನನ್ನು ಮುಂದೆ ದೂಡಿಕೊಂಡು ಇಳಿದಳು. ಇಳಿಯುವಾಗ ಒಂದು ಕ್ಷಣ ಹಿಂದೆ ನೋಡಿದೆನೆಂದೂ, ತೆಂಗಿನ ಮರದ ತಲೆಯ ಮೇಲೆ ಬೆಳ್ಳಗೆ ಉದ್ದನೆಯದೇನೋ ಇತ್ತೆಂದೂ ನನಗೊಂದು ನೆನಪಿದೆ. ಅದನ್ನು ನಾನು ನಂಬುವುದಿಲ್ಲ. ಆ ನೆನಪಿನಲ್ಲಿ ಅದು ಪುಸ್ತಕದ ಚಿತ್ರದಷ್ಟು ಚೆನ್ನಾಗಿದೆ.

ಚಿಕ್ಕಮ್ಮ ಗಂಟನ್ನು ನಡುಮನೆಯಲ್ಲಿಟ್ಟು, ನೇರವಾಗಿ ತಾತನ ಮುಂದೆ ನಿಂತು ಹೇಳಿದಳು: "ಅಪ್ಪಾ, ಕಣ್ಣಿಗೆ ಬಿತ್ತು."

ಅಜ್ಜಿ ಕೈಯಲ್ಲಿದ್ದ ಲಾಟೀನನ್ನು ಕೆಳಗಿಟ್ಟು ತಲೆಯ ಮೇಲೆ ಕೈ ಹೊತ್ತರು. "ಅಯ್ಯೋ ಪಾಪಿ! ಐದು ದಿನ ತಡಕೊಳ್ಳೋಕಾಗಲಿಲ್ವೇನೇ ನಿನಗೆ? ಸುಳ್ಳು ಹೇಳ್ತಾಳೆ ಅಂದ್ರೆ. ಪರೀಕ್ಷೆ ಪರೀಕ್ಷೆ ಅಂತ ಇವಳಿಗೆ ತಲೆ ಕೆಟ್ಟಿದೆ."

ತಾತ ಅಜ್ಜಿಯ ಕಡೆ ನೋಡಲಿಲ್ಲ. "ಎಲ್ಲಿತ್ತು?" ಎಂದರು.

"ಪಶ್ಚಿಮಕ್ಕೆ. ತೆಂಗಿನ ಮರದಿಂದ ಸ್ವಲ್ಪ ಬಲಕ್ಕೆ."

"ಬಾಲ?"

ಚಿಕ್ಕಮ್ಮ ಒಂದು ಉಸಿರಿನಷ್ಟು ತಡೆದಳು. "ಕೆಳಕ್ಕೆ. ನೆಲದ ಕಡೆಗೆ. ಬಾಣ ಮೇಲೆ ಹೊರಟ ಹಾಗೆ."

ಅಪ್ಪನ ರಿಬ್ಬನ್ನು ಕಣ್ಣ ಮುಂದೆ ಹಾರಾಡಿತು. ನೆಲದ ಕಡೆಗೆ ಇರೋದು ಸಾಧ್ಯವೇ ಇಲ್ಲ. ಹೈಸ್ಕೂಲು ಓದಿದ, ಆಫ್ರಿಕಾದ ನದಿಗಳನ್ನೆಲ್ಲ ಬಾಯಿಪಾಠ ಮಾಡಿದ ನನ್ನ ಚಿಕ್ಕಮ್ಮನಿಗೆ ಇಷ್ಟು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಆ ಮನೆಯಲ್ಲಿ ನನಗೊಬ್ಬಳಿಗೇ ಎಂದು ನಾನು ಎಣಿಸಿದ್ದೆ.

ತಾತ ನನ್ನ ಕಡೆ ತಿರುಗಿದರು. "ನೀನೂ ಇದ್ದೆಯಲ್ಲ ಮಗು. ನೋಡಿದೆಯಾ?"

"ಹೂಂ."

"ಬಾಲ ಯಾವ ಕಡೆಗಿತ್ತು?"

ಚಿಕ್ಕಮ್ಮ ನನ್ನನ್ನು ನೋಡಲಿಲ್ಲ. ನೋಡಿದ್ದರೆ, ಬೇಡಿದ್ದರೆ, ನಾನು ಏನು ಹೇಳುತ್ತಿದ್ದೆನೋ. ಅವಳು ಬಗ್ಗಿ ಗಂಟು ಬಿಚ್ಚಿ, ಮುರಿದ ಸಂಡಿಗೆಗಳನ್ನು ಬೇರೆ ಮಾಡುತ್ತಿದ್ದಳು. ಅವಳ ಬೆರಳಿನ ಸಂದಿಯಲ್ಲಿ ಶಾಯಿಯ ಕಲೆ ಇತ್ತು.

"ಕೆಳಕ್ಕೆ ತಾತ" ಎಂದೆ. "ನೆಲದ ಕಡೆಗೆ."

ತಾತ ಬಹಳ ಹೊತ್ತು ನನ್ನನ್ನೇ ನೋಡಿದರು. ಬಹಳ ಹೊತ್ತು ಎಂಬುದು ಸುಳ್ಳು ಹೇಳಿದವರ ಲೆಕ್ಕ, ನಿಜಕ್ಕೂ ಎಷ್ಟೋ. ಆಮೇಲೆ ಅಜ್ಜಿಗೆ, "ಇಬ್ಬರು ಕಂಡಿದ್ದಾರೆ. ಒಂದೇ ತರಹ ಹೇಳ್ತಿದ್ದಾರೆ. ಇನ್ನೇನು? ಮಳವಳ್ಳಿಗೆ ಕಾಗದ ಬರೀಬೇಕು, ಮಸಿಕುಡಿಕೆ ತಾ" ಎಂದರು.

ಕಾಗದ ಸೇರಿದ ಮರುದಿನವೇ ಮಳವಳ್ಳಿಯ ಬೀಗರು ಬಸ್ಸು ಹತ್ತಿ ಬಂದರು. ಜಗಲಿಯ ಮೇಲೆ ಕೂರಲೂ ಇಲ್ಲ.

"ಏನ್ರೀ ಇದು? ನಾವೂ ದಿನಾ ಆಕಾಶ ನೋಡ್ತೀವಿ. ಮಳವಳ್ಳೀಲಿ ಯಾವ ಬಾಲವೂ ಇಲ್ಲ, ಮೂತಿಯೂ ಇಲ್ಲ. ನಿಮ್ಮ ಮನೆ ಮೇಲೆ ಮಾತ್ರ ಬಂದು ಕೂತಿದೆಯಾ?"

"ನಮ್ಮ ಮನೆ ಕಣ್ಣಿಗೆ ಬಿದ್ದಿದೆ. ಹೆಣ್ಣಿನ ಕಣ್ಣಿಗೇ ಬಿದ್ದಿದೆ."

"ಈ ಮುಹೂರ್ತ ತಪ್ಪಿದರೆ ಸಂಬಂಧವೇ ಬೇಡ ಅಂತ ನಾವಂದರೆ?"

ಬಾಗಿಲ ಹಿಂದೆ ಅಜ್ಜಿ ನನ್ನ ಭುಜವನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಎರಡು ದಿನ ನೋಯುತ್ತಿತ್ತು. ನನ್ನ ಒಂದು ಮಾತಿನಿಂದ ಚಿಕ್ಕಮ್ಮನ ಮದುವೆಯೇ ಮುರಿಯಬಹುದೆಂದು ನನಗೆ ಹೊಳೆದದ್ದು ಆಗಲೇ. ಹೊರಗೆ ಓಡಿ ಎಲ್ಲ ಹೇಳಿಬಿಡಬೇಕೆನ್ನಿಸಿತು. ಅಜ್ಜಿಯ ಹಿಡಿತ ಸಡಿಲಲಿಲ್ಲ.

"ನೀವು ದೊಡ್ಡವರು, ಹಾಗೆ ಅನ್ನಬಹುದು" ಎಂದರು ತಾತ. ಧ್ವನಿ ಏರಲಿಲ್ಲ. "ಆದರೆ ನಲವತ್ತು ವರ್ಷದಿಂದ ಊರವರ ಮುಹೂರ್ತ ಇಟ್ಟುಕೊಟ್ಟವನು ನಾನು. ನನ್ನ ಮಗಳಿಗೆ ಕೆಟ್ಟ ಮುಹೂರ್ತ ಇಟ್ಟೆ ಅಂತಾದರೆ ನಾಳೆ ನಿಮ್ಮ ಮೊಮ್ಮಗನ ನಾಮಕರಣಕ್ಕೆ ಯಾರನ್ನು ಕೇಳ್ತೀರಿ?"

ಬೀಗರು ಕೂತರು. ಕಾಫಿ ಬಂತು. ವೈಶಾಖದಲ್ಲಿ ಮುಹೂರ್ತ ಸಿಕ್ಕಿತು.

ಚಿಕ್ಕಮ್ಮ ಸೋಮವಾರ ಬೆಳಗಿನ ರೈಲಿಗೆ ಮಂಡ್ಯಕ್ಕೆ ಹೋಗಿ ಪರೀಕ್ಷೆಗೆ ಕೂತಳು. ಪಾಸಾದ ಸುದ್ದಿ ಬಂದಾಗ ಮಳವಳ್ಳಿಯ ಸೊಸೆಯಾಗಿದ್ದಳು. ಒಲೆ ಸರ್ಟಿಫಿಕೇಟು ಕೇಳಲಿಲ್ಲ. ಕೆಲವು ವರ್ಷದ ಮೇಲೆ ಅಲ್ಲಿನ ಹೆಣ್ಣುಮಕ್ಕಳ ಶಾಲೆಯವರು ಕೇಳಿದರು. ಅವಳು ಮೇಡಂ ಆದಳು. ಆ ಸಂಜೆಯ ಮಾತನ್ನು ಅವಳು ನನ್ನೊಡನೆ ಎಂದೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ದೋಷ ತಗುಲಿದ ಮೇಲೆ ನೋಡುವುದಕ್ಕೆ ಅಡ್ಡಿಯಿಲ್ಲವಲ್ಲ? ಮಾರನೆಯ ಸಂಜೆಯಿಂದ ಇಡೀ ಮನೆ ಮಾಳಿಗೆ ಹತ್ತಿತು. ಅಜ್ಜಿ ಎಲ್ಲರಿಗಿಂತ ಮುಂದೆ. ಆದರೆ ಮಾವಿನ ಮಳೆಯ ಮೋಡ ಕವಿದು ನಾಲ್ಕು ದಿನ ಒಂದು ನಕ್ಷತ್ರವೂ ಕಾಣಲಿಲ್ಲ. ಮೋಡ ಚದುರಿದಾಗ ಬೆಳದಿಂಗಳು. "ಇದಕ್ಕಾ ಇಷ್ಟು ರಾದ್ಧಾಂತ!" ಎಂದು ಅಜ್ಜಿ ಕತ್ತು ಉಜ್ಜಿಕೊಂಡು ಇಳಿದರು. ಅಪ್ಪನಿಗೆ "ಮೋಡ, ಕಾಣಲಿಲ್ಲ" ಎಂದು ಬರೆದೆ. ಅದು ನಿಜವೇ. ನಿಜದಿಂದ ಸುಳ್ಳು ಹೇಳುವುದನ್ನೂ ಆ ವಾರವೇ ಕಲಿತೆ.

ಆ ಡೈರಿ ಇನ್ನೂ ನನ್ನ ಬಳಿ ಇದೆ. ಬಾಲದ ಬಗ್ಗೆ ಸಾಕ್ಷಿ ನುಡಿದ ದಿನದ ಹಾಳೆ ತೆಗೆದು ನೋಡಿದೆ. ದುಂಡಗಿನ ಅಕ್ಷರದಲ್ಲಿ "ಈ ದಿನ ವಿಶೇಷವಿಲ್ಲ. ಸಂಡಿಗೆ ತೆಗೆದೆವು" ಎಂದು ಬರೆದಿದ್ದೇನೆ. ಹತ್ತು ವರ್ಷದವಳು ಯಾರಿಗೆ ಹೆದರಿ ತನ್ನ ಡೈರಿಗೂ ಸುಳ್ಳು ಬರೆದಳೋ. ಅಂದಿನಿಂದ ನಾನು ಡೈರಿಯನ್ನೂ ಪೂರ್ತಿ ನಂಬುವುದಿಲ್ಲ.

ಮೈಸೂರಿನಲ್ಲಿ ಬಿ.ಎ. ಮುಗಿಸಿದ ಬೇಸಿಗೆಯಲ್ಲಿ ಮದ್ದೂರಿಗೆ ಹೋದೆ. ತಾತನಿಗೆ ಕಿವಿ ಮಂದವಾಗಿತ್ತು. ಕೇಳಬೇಕಾದ್ದು ಮಾತ್ರ ಕೇಳಿಸುತ್ತದೆ ಎಂದು ಅಜ್ಜಿಯ ದೂರು. ಅವರು ಆ ವರ್ಷದ ಮಾಘ ದಾಟಲಿಲ್ಲ. ಆದ್ದರಿಂದ ಅದೇ ನಮ್ಮ ಕೊನೆಯ ಮಾತುಕತೆ ಎನ್ನಬೇಕು. ಬೆಳಗಿನ ಎಳೆಬಿಸಿಲಿಗೆ ಜಗಲಿಯಲ್ಲಿ ಕೂತು ನನಗೆ ಮತ್ತೆ ಆ ದೊಡ್ಡ ಧೂಮಕೇತುವಿನ ಕಥೆ ಹೇಳಿದರು. ನಸುಕಿನ ಸ್ನಾನ, ಸಾಲಾಗಿ ಎಂಟು ದಿನ, ಪೂರ್ವದಲ್ಲಿ ನದಿಯಾಚೆ ಅದು ಎದ್ದು ನಿಂತದ್ದು, ದಾನ ಕೊಟ್ಟ ಹಸು, ಕರುವಿನ ನೆನಪು. ಎಂದಿನಂತೆ ತಾವೇ ಮೊದಲು ನಕ್ಕರು. ಎಂಟು ದಿನ ಅದನ್ನು ಕಣ್ಣಾರೆ ಕಂಡವರೇ ಆ ಸಂಜೆ ನನ್ನ ಸಾಕ್ಷಿ ಕೇಳಿದವರು ಎಂಬುದು ನನಗೆ ಅಂದೇ ಮೊದಲ ಸಲ ಪೂರ್ತಿಯಾಗಿ ತಲೆಗೆ ಹೋಯಿತು. ಅವರ ಕಿವಿಯ ಹತ್ತಿರ ಬಗ್ಗಿ ಕೇಳಿದೆ:

"ತಾತ, ನೀವು ಕಂಡ ಧೂಮಕೇತುವಿನ ಬಾಲ ಯಾವ ಕಡೆಗಿತ್ತು?"